ಚುನ್ಯೊ ಹಾಸಿನಲ್ಲಿ ಕೂಗಿದ ಫೋನು

ನಮ್ಮ ಈ ಎತ್ತರದ ಬಯಲಿನಲ್ಲಿ ಫೋನು ನೀರಿಗೆ ಬೀಳದ ಮನೆ ಒಂದೂ ಇರಲಿಕ್ಕಿಲ್ಲ. ಕುರಿಗೆ ನೀರು ಕುಡಿಸಲು ಬಗ್ಗಿದರೆ ಜಾರುತ್ತದೆ, ಹೊಳೆಯಲ್ಲಿ ಬಟ್ಟೆ ಒಗೆಯಲು ಕೂತರೆ ಜಾರುತ್ತದೆ. ಬಿದ್ದ ಮೇಲೆ ಬುದ್ಧಿ ಹೇಳಲು ಮನೆಗೊಬ್ಬರು ಪಂಡಿತರಿದ್ದಾರೆ. ಒಬ್ಬರು ಒಲೆ ಪಕ್ಕ ಇಡಿ ಅನ್ನುತ್ತಾರೆ, ಇನ್ನೊಬ್ಬರು ಅಕ್ಕಿಯಲ್ಲಿ ಹೂಳಿ ಅನ್ನುತ್ತಾರೆ. ಆದರೆ ನಮ್ಮೂರಿನ ಹಿರಿಯಮ್ಮ ದೋನ್ಯಾ ಸಬಾಸ್ತಾ ಮಾಡಿದ ಉಪಾಯವನ್ನು ನಾನು ಬೇರೆ ಎಲ್ಲೂ ಕೇಳಿಲ್ಲ. ರೇಡಿಯೊದಲ್ಲಿ ದಿನಾ ನನ್ನ ದನಿ ಕೇಳುವವರಿಗೆ ನಾನು ತೋಮಾಸಾ ಎಂದು ಹೇಳಬೇಕಾಗಿಲ್ಲ. ಇವತ್ತು ಕುರಿಯ ಬೆಲೆ, ಚಳಿಯ ಸುದ್ದಿ ಎರಡನ್ನೂ ಪಕ್ಕಕ್ಕಿಟ್ಟು ಈ ಕಥೆ ಹೇಳುತ್ತೇನೆ. ಹೇಳು ಎಂದು ಸಬಾಸ್ತಾ ಅವರೇ ಅಪ್ಪಣೆ ಕೊಟ್ಟಿದ್ದಾರೆ.

ಸಬಾಸ್ತಾ ಅವರ ಮಗಳು ಎವರಿಸ್ತಾ ನನ್ನ ಗೆಳತಿ. ಅವಳ ಮಗು ದೇಯ್ಸಿಯ ಮೊದಲ ಕೂದಲನ್ನು ಕತ್ತರಿಸಿದವಳು ನಾನೇ, ಹಾಗಾಗಿ ನಮ್ಮ ಪದ್ಧತಿಯಂತೆ ಆ ಹುಡುಗಿಗೆ ನಾನೂ ಒಬ್ಬ ತಾಯಿ. ಎವರಿಸ್ತಾ ಪಟ್ಟಣದಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು, ಶನಿವಾರ ಊರಿಗೆ ಬರುತ್ತಿದ್ದಳು. ಕಳೆದ ಮಳೆಗಾಲದಲ್ಲಿ ಜ್ವರ ಹಿಡಿದು ತೀರಿಕೊಂಡಳು. ಮಣ್ಣು ಮಾಡಿ ಬಂದ ದಿನದಿಂದ ದೇಯ್ಸಿ ಬಾಯಿ ಬಿಡಲಿಲ್ಲ. ಊಟ ಮಾಡುತ್ತಿದ್ದಳು, ಶಾಲೆಗೆ ಹೋಗುತ್ತಿದ್ದಳು, ಆದರೆ ಒಂದು ಮಾತಿಲ್ಲ.

ಮಗುವಿನ ಅಹಾಯು ತಾಯಿಯ ಗೋರಿಯ ಹತ್ತಿರವೇ ಉಳಿದುಬಿಟ್ಟಿದೆ ಎಂದರು ಸಬಾಸ್ತಾ. ಹೆದರಿದ ಮಗುವಿನ ಜೀವದ ನೆರಳು ಹಾಗೆ ಎಲ್ಲೋ ಉಳಿದುಬಿಡುತ್ತದೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಸಂಜೆಗೆ ಮಗುವಿನ ಟೋಪಿ ಕೈಯಲ್ಲಿ ಹಿಡಿದು ಹೆಸರು ಕೂಗಬೇಕು. ಯಾರು ಕರೆಯುತ್ತಾರೋ ಅವರ ಹತ್ತಿರ ಅದು ಬರುತ್ತದೆ. ಸಬಾಸ್ತಾ ಕೂಗಿದರು, ಮಂತ್ರ ಬಲ್ಲ ಹಿರಿಯರನ್ನು ಕರೆಸಿ ಕೂಗಿಸಿದರು. ದೇಯ್ಸಿ ಸುಮ್ಮನೆ ನೋಡುತ್ತಾ ನಿಂತಿದ್ದಳು. ತಾಯಿ ಬಿಟ್ಟುಹೋದ ಫೋನನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುವುದೊಂದೇ ಅವಳ ಹಟ. ಅದರಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ. ಬೆಳಕು ಹರಿಯುವ ಮೊದಲೇ ಸಬಾಸ್ತಾ ಕುರಿಗಳ ಹಿಂದೆ ಹೋಗಿಬಿಡುತ್ತಿದ್ದರು.

ಚಳಿಗಾಲ ಬಂತು, ಚುನ್ಯೊ ಮಾಡುವ ಕೆಲಸ ಶುರುವಾಯಿತು. ಆಲೂಗಡ್ಡೆಯನ್ನು ಬಯಲಲ್ಲಿ ಹಾಸಿ ಇರುಳ ಹಿಮಕ್ಕೆ ಬಿಡುವುದು, ಹಗಲು ಬಿಸಿಲೇರಿದ ಮೇಲೆ ಬರಿಗಾಲಲ್ಲಿ ತುಳಿದು ನೀರು ಹಿಂಡುವುದು. ಒಣಗಿ ಕಲ್ಲಾದರೆ ವರ್ಷಗಟ್ಟಲೆ ಕೆಡುವುದಿಲ್ಲ. ಆ ಗಡಿಬಿಡಿಯಲ್ಲೇ ಒಂದು ಸಂಜೆ ದೇಯ್ಸಿ ಅಡುಗೆಮನೆಯಲ್ಲಿ ಬಗ್ಗಿದಳು, ಅವಳ ಸ್ವೆಟರಿನಿಂದ ಫೋನು ಜಾರಿ ಹೆಚ್ಚಿದ ಆಲೂಗಡ್ಡೆ ನೆನೆಹಾಕಿದ್ದ ಬೋಗುಣಿಗೆ ಬಿತ್ತು. ತೆಗೆಯುವಷ್ಟರಲ್ಲಿ ಪರದೆ ಕಪ್ಪಾಗಿತ್ತು.

ಸಬಾಸ್ತಾ ಅವರ ಮಗ ರೂಫೊ ಒರೆಸಿ ಕೂಡಲೇ ಚಾರ್ಜಿಗೆ ಹಾಕಿದ. ಅದು ಬಿಸಿಯಾಯಿತೇ ಹೊರತು ಬೆಳಗಲಿಲ್ಲ. ಸತ್ತಿದೆ ಎಂದು ಕಿತ್ತು ಇಟ್ಟ. ಮಗು ಅದನ್ನು ಎದೆಗೆ ಅವಚಿಕೊಂಡು ಗೋಡೆ ಕಡೆ ತಿರುಗಿ ಕೂತಿತು. ಅದನ್ನು ನೋಡಲಾರದೆ ಸಬಾಸ್ತಾ ತಮಗೆ ಗೊತ್ತಿದ್ದ ವೈದ್ಯ ಮಾಡಿದರು.

"ಆಲೂಗಡ್ಡೆ ಹೊಟ್ಟೇಲಿರೋ ನೀರನ್ನೇ ಹಿಮ ಎಳೆದು ಹಾಕುತ್ತೆ," ಎಂದರಂತೆ ರೂಫೊಗೆ. "ಅಂಗೈಯಗಲದ ಈ ಪೆಟ್ಟಿಗೆ ಅದಕ್ಕೆ ಯಾವ ಲೆಕ್ಕ?"

ಮರುದಿನ ಸಂಜೆ ಮಗು ಮಲಗಿದ ಮೇಲೆ ಫೋನನ್ನು ಮೆಲ್ಲಗೆ ತೆಗೆದು, ಉಣ್ಣೆ ಬಟ್ಟೆಯಲ್ಲಿ ಸುತ್ತಿ, ಚುನ್ಯೊ ಹಾಸಿನ ನಡುವೆ ಹುಲ್ಲಿನ ಮೇಲೆ ಇಟ್ಟು ಬಂದರು.

ಅದರ ಮಾರನೆಯ ಬೆಳಿಗ್ಗೆ ನಾನು ತುಳಿಯುವ ಕೆಲಸಕ್ಕೆ ಮುಯ್ಯಾಳಾಗಿ ಅವರ ಮನೆಗೆ ಹೋಗಿದ್ದೆ. ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಬಯಲೆಲ್ಲ ಬೆಳ್ಳಗಿತ್ತು, ಗಾಳಿಯೂ ಇರಲಿಲ್ಲ. ನನ್ನನ್ನು ಕಂಡರೆ ಹಾರಿ ಬರುವ ನಾಯಿ ಬಾಲ ಮುದುರಿಕೊಂಡು ಬೇಲಿಯ ಹತ್ತಿರ ನಿಂತು ಹಾಸಿನ ಕಡೆಗೇ ನೋಡುತ್ತಿತ್ತು. ಸಬಾಸ್ತಾ ಕುರಿದೊಡ್ಡಿಯ ಬಾಗಿಲಿಗೆ ಕೈ ಹಾಕಿದ್ದರು. ಆಗ ಆಲೂಗಡ್ಡೆಗಳ ನಡುವಿನಿಂದ ಹೆಣ್ಣುದನಿ ಬಂತು.

"ದೇಯ್ಸಿ. ಏಳು ಮಗಳೇ."

ಎವರಿಸ್ತಾಳ ದನಿ. ಮಗಳೇ ಎನ್ನುವುದನ್ನು ಅವಳು ಎಳೆಯುವ ರೀತಿ ಇನ್ನೊಬ್ಬರಿಗೆ ಬರುವುದಿಲ್ಲ. ಹಾಸಿನ ನಡುವೆ ದೇಯ್ಸಿ ಆಗಲೇ ನಿಂತಿದ್ದಳು. ಯಾವಾಗ ಎದ್ದು ಹೋದಳೋ ಯಾರೂ ನೋಡಿರಲಿಲ್ಲ. ಕಾಲಲ್ಲಿ ಏನೂ ಇರಲಿಲ್ಲ. ಕಲ್ಲಿನಂತೆ ಗಟ್ಟಿಯಾದ ಆಲೂಗಡ್ಡೆಗಳ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಾ ದನಿಯ ಕಡೆಗೆ ಹೋಗುತ್ತಿದ್ದಳು.

"ಬಾ, ಹೊತ್ತಾಯ್ತು," ಎಂದಿತು ದನಿ. ಸ್ವಲ್ಪ ತಡೆದು, ದೂರದಿಂದ ಬಂದಂತೆ, "ಕಾಲಿಗೆ ಮೆಟ್ಟು ಹಾಕ್ಕೊ," ಎಂದಿತು. ಆಮೇಲೆ ನಿಂತುಹೋಯಿತು.

ಸಬಾಸ್ತಾ ಆ ವಯಸ್ಸಿನಲ್ಲೂ ಓಡಿದರು. ಮಗುವನ್ನು ಎತ್ತಿ, ಬೆನ್ನಿನ ಬಟ್ಟೆಯಲ್ಲಿ ಮುಖದ ಸಮೇತ ಮುಚ್ಚಿಕೊಂಡು, ಹಿಂದಕ್ಕೆ ನೋಡದೆ ಮನೆ ಸೇರಿದರು. ನಾನು ಧೈರ್ಯ ಮಾಡಿ ಉಣ್ಣೆ ಗಂಟು ಬಿಚ್ಚಿದೆ. ಗಾಜಿನ ಮೇಲೆ ಹಿಮ ಕೂತಿತ್ತು, ಪರದೆ ಕಪ್ಪಗಿತ್ತು. ಏನು ಒತ್ತಿದರೂ ಜೀವ ಬರಲಿಲ್ಲ. ಸತ್ತ ಫೋನು ಮಾತಾಡಿದ್ದು ಹೇಗೆ ಎಂದು ಆಗ ನನಗೂ ಹೊಳೆಯಲಿಲ್ಲ.

ಸಬಾಸ್ತಾ ಅದನ್ನು ಒಲೆಗೆ ಹಾಕು ಎಂದರು. ಬ್ಯಾಟರಿ ಬೆಂಕಿಗೆ ಬಿದ್ದರೆ ಸಿಡಿಯುತ್ತದೆ, ಮನೆಮಂದಿಯ ಕಣ್ಣು ಹೋಗುತ್ತದೆ ಎಂದು ನಾನು ತಡೆದೆ. ಹಾಗಾದರೆ ಹೂಳು ಎಂದರು.

"ಅವಳು ಮಗೂನ ಕರೀತಿದ್ದಾಳೆ ತೋಮಾಸಾ," ಎಂದರು ಮೆಲ್ಲಗೆ. "ನಾನೂ ಕರೆದೆ, ನನ್ನ ಹತ್ರ ಬರಲಿಲ್ಲ. ಅವಳು ಕರೆದ ಕೂಡ್ಲೇ ಬರಿಗಾಲಲ್ಲಿ ಹೊರಟುಬಿಡ್ತು. ಹೆತ್ತ ಮಗಳಾದ್ರೇನು, ಈ ಮಗೂನ ನಾನು ಬಿಟ್ಟುಕೊಡಲ್ಲ."

ಅವರ ಹೆದರಿಕೆ ನನಗೆ ಅರ್ಥವಾಗಿತ್ತು. ಆದರೆ ಎವರಿಸ್ತಾಳ ಫೋಟೊಗಳು, ಅವಳ ದನಿ, ಎಲ್ಲ ಇರುವುದು ಅದೊಂದರಲ್ಲೇ. ಭಾನುವಾರ ಹೆದ್ದಾರಿಯ ಸಂತೆಗೆ ಒಯ್ದು ರಿಪೇರಿಯವರಿಗೆ ತೋರಿಸೋಣ ಎಂದೆ. ಆ ದನಿಯನ್ನು ಅಳಿಸಿಹಾಕಿಸುವುದಾದರೆ ಬರುತ್ತೇನೆ ಎಂದರು ಸಬಾಸ್ತಾ. ಹೀಗೆ ಅವರು ಅಳಿಸಲು, ನಾನು ಉಳಿಸಲು, ಒಂದೇ ವ್ಯಾನಿನಲ್ಲಿ ಹೊರಟೆವು. ಮಗು ನಮ್ಮಿಬ್ಬರ ನಡುವೆ ಫೋನು ಹಿಡಿದು ಕೂತಿತ್ತು.

ಸಂತೆಯಲ್ಲಿ ದೋನ್ಯಾ ಹೆರ್ಮಿನಿಯಾಳ ಫೋನಂಗಡಿ ಇದೆ. ಅವಳು ಮೆಕ್ಕೆಜೋಳದ ಬಿಸಿ ಆಪಿ ಕುಡಿಯಲು ಎದುರಿನ ಅಂಗಡಿಗೆ ಹೋಗಿದ್ದಳು, ಕೆಲಸಕ್ಕೆ ಹೊಸದಾಗಿ ಸೇರಿದ ಅವಳ ತಮ್ಮ ಕೂತಿದ್ದ. ಅವನು ಬೇರೆ ಬ್ಯಾಟರಿ, ಬೇರೆ ಪರದೆ ಸಿಕ್ಕಿಸಿ ನೋಡಿದ. ಬೆಳಕೇನೋ ಬಂತು, ಆದರೆ ಫೋನು ತೆರೆಯಲಿಲ್ಲ. ಕಪ್ಪು ಪರದೆಯ ಮೇಲೆ ಬರೀ ಅಕ್ಷರದ ಸಾಲುಗಳು ನಿಂತವು.

"ಒಳಗೆ ಕೆಟ್ಟಿದೆ," ಎಂದ. "ಪೂರ್ತಿ ಅಳಿಸಿದ್ರೆ ಹೊಸದರ ಹಾಗೆ ಓಡುತ್ತೆ. ಒತ್ತಲಾ?"

ನಾನು ತಡಿಯಪ್ಪ ಎಂದೆ. ಸಬಾಸ್ತಾ ನನ್ನ ಕೈ ಹಿಡಿದು ಅವನ ಕಡೆ ತಿರುಗಿದರು. "ಒತ್ತು ಮಗ," ಎಂದರು.

ಅವನ ಬೆರಳು ಗುಂಡಿಯ ಮೇಲಿತ್ತು.

"ಬೇಡ."

ಯಾರು ಎಂದು ನಾವು ಸುತ್ತ ನೋಡಿದೆವು. ದನಿ ಒರಟಾಗಿತ್ತು, ಬಹಳ ದಿನ ಮುಚ್ಚಿದ್ದ ಬಾಗಿಲು ತೆರೆದಂತೆ. ದೇಯ್ಸಿ ಮೇಜಿನ ಅಂಚು ಹಿಡಿದು ನಿಂತಿದ್ದಳು.

"ಒತ್ಬೇಡಿ. ದಿನಾ ಅವ್ವ ನನ್ನ ಎಬ್ಬಿಸ್ತಾಳೆ. ಅಳಿಸಿದ್ರೆ ಯಾರು ಎಬ್ಬಿಸ್ತಾರೆ?"

ಸಬಾಸ್ತಾ ಇದ್ದಲ್ಲೇ ನೆಲದ ಮೇಲೆ ಕೂತರು. ಮಗುವನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು, ಏನು, ಹೇಗೆ ಎಂದು ಒಂದೊಂದಾಗಿ ಕೇಳಿದರು. ಪಟ್ಟಣಕ್ಕೆ ಹೋಗುವಾಗ ಎವರಿಸ್ತಾ ತನ್ನದೇ ದನಿಯನ್ನು ಫೋನಿನಲ್ಲಿ ಹಿಡಿದಿಟ್ಟು, ಶಾಲೆಗೆ ಏಳುವ ಹೊತ್ತಿಗೆ ಅಲಾರಂ ಬದಲು ಅದು ಕೇಳುವಂತೆ ಮಾಡಿದ್ದಳು. ಆಮೇಲೆ ಆ ಹಳೇ ಫೋನನ್ನು ಮಗಳಿಗೇ ಬಿಟ್ಟು ಹೋಗುತ್ತಿದ್ದಳು. ಅವಳು ತೀರಿಕೊಂಡ ಮೇಲೂ ದಿನಾ ದಿಂಬಿನ ಕೆಳಗಿನಿಂದ ಮಗಳನ್ನು ಎಬ್ಬಿಸುತ್ತಿದ್ದಳು. ಆ ಹೊತ್ತಿಗೆ ಅಜ್ಜಿ ಕುರಿಗಳ ಜೊತೆ ಇರುತ್ತಿದ್ದರು. ನನಗೆ ದುಃಖ ಉಕ್ಕಿ ಬಂತು, ಅಷ್ಟು ಜನರ ನಡುವೆಯೇ ಅತ್ತುಬಿಟ್ಟೆ.

ಅಷ್ಟರಲ್ಲಿ ಹೆರ್ಮಿನಿಯಾ ಬಂದಳು. ಬಾಯಿ ಜೋರು, ಇಡೀ ಸಂತೆಗೆ ಕೇಳಿಸುವಂಥದ್ದು. ವಿಷಯ ಕೇಳಿ ತಮ್ಮನನ್ನು ಝಾಡಿಸಿದಳು. "ಬೀಗ ಕೆಟ್ಟಿದೆ ಅಂದ್ರೆ ಮನೇನೇ ಸುಟ್ಟುಹಾಕ್ತೀಯೇನೋ? ಒಳಗಿರೋದು ಬೇಕಾ ಅಂತ ಮೊದ್ಲು ಕೇಳಬೇಕು."

ಫೋನಿನ ಪಕ್ಕದ ಗುಂಡಿಯನ್ನು ಉಗುರಿನಿಂದ ಮುಟ್ಟಿ ನೋಡಿದಳು. ಅದು ಒಳಗೆ ಹೋಗಿ ಅಲ್ಲೇ ಅಂಟಿಕೊಂಡಿತ್ತು. ಯಾವ ನೀರಿಗೆ ಬಿದ್ದದ್ದು ಎಂದು ಕೇಳಿದಳು, ಆಲೂಗಡ್ಡೆ ನೆನೆಹಾಕಿದ ನೀರು ಎಂದಾಗ ನಕ್ಕಳು.

"ಗಂಜಿ ಒಣಗಿ ಗುಂಡಿ ಹಿಡ್ಕೊಂಡಿದೆ, ಅಷ್ಟೇ. ಯಾರೋ ಒತ್ತಿ ಹಿಡಿದಿದ್ದಾರೆ ಅಂತ ಫೋನು ತಿಳ್ಕೊಂಡಿದೆ. ಅದಕ್ಕೇ ತೆರೀದೆ ಈ ಅಕ್ಷರ ತೋರಿಸ್ತಿದೆ. ಪರದೆ ನೀರಿಗೆ ಬಿದ್ದಾಗಲೇ ಹೋಗಿತ್ತು, ಫೋನು ಹೋಗಿರಲಿಲ್ಲ ಕಸೆರಾ. ಅದಕ್ಕೇ ಬೆಳಿಗ್ಗೆ ಕೂಗಿತು. ಆಮೇಲೆ ಅದನ್ನ ಮಲಗಿಸಿದ್ದು ನಿಮ್ಮ ಹಿಮ."

ಗಿರಾಕಿಗಳನ್ನು ಕರೆಯುವಂತೆ ಅಕ್ಕರೆಯಿಂದ ಕಸೆರಾ ಎಂದರೂ ಸಬಾಸ್ತಾ ಸುಲಭಕ್ಕೆ ಒಪ್ಪುವವರಲ್ಲ. ಹಿಮ ನೀರು ಎಳೆಯುವುದಿಲ್ಲವೇ ಎಂದು ಕೇಳಿದರು. ಆಲೂಗಡ್ಡೆಯ ನೀರನ್ನು ನೀವು ತುಳಿದು ಹಿಂಡುತ್ತೀರಿ, ಫೋನನ್ನೂ ತುಳಿಯುತ್ತೀರಾ ಎಂದಳು ಹೆರ್ಮಿನಿಯಾ. ಚಳಿಯಲ್ಲಿಟ್ಟು ಮನೆಗೆ ತಂದರೆ ಒಳಗೇ ಮತ್ತೆ ತೇವ ಕೂರುತ್ತದೆ ಎಂದು ಬಿಡಿಸಿ ಹೇಳಿದಳು. ಅಕ್ಕಿ ಎಂದು ನಾನು ಬಾಯಿ ತೆರೆದೆ. ಅಕ್ಕಿ ಇರುವುದು ಅನ್ನಕ್ಕೆ ಎಂದು ನನ್ನ ಬಾಯಿ ಮುಚ್ಚಿಸಿದಳು. ಒದ್ದೆ ಫೋನನ್ನು ಚಾರ್ಜಿಗೆ ಹಾಕಿದ ರೂಫೊಗೂ, ಅವನು ಅಲ್ಲಿರದಿದ್ದರೂ, ಅವನ ಪಾಲು ಸಿಕ್ಕಿತು.

ಫೋನು ಬಿಚ್ಚಿ, ಸ್ಪಿರಿಟ್ ಹಚ್ಚಿದ ಸಣ್ಣ ಬ್ರಷ್ಷಿನಿಂದ ಉಜ್ಜಿ, ಗುಂಡಿಯನ್ನು ಬಿಡಿಸಿದಳು. ಈ ಸಲ ಫೋನು ತೆರೆದುಕೊಂಡಿತು, ಆದರೆ ಬೀಗದ ಗುರುತು ಕೇಳಿತು. ಊಹಿಸಿ ಗೀಚಬೇಡಿ, ತಪ್ಪುತ್ತಾ ಹೋದರೆ ಅದು ನಮ್ಮನ್ನೇ ಹೊರಗಿಟ್ಟುಬಿಡುತ್ತದೆ ಎಂದಳು. ದೇಯ್ಸಿ ಬೆರಳು ಚಾಚಿ, ತಾಯಿ ಸೊಂಟಪಟ್ಟಿಗೆ ನೇಯುತ್ತಿದ್ದ ಅಂಕುಡೊಂಕು ಗೆರೆಯನ್ನು ಎಳೆದಳು. ಬೀಗ ತೆರೆಯಿತು. ಹೆರ್ಮಿನಿಯಾ ಬೇರೆ ಯಾವುದಕ್ಕೂ ಕೈ ಹಾಕಲಿಲ್ಲ. ಫೋಟೊ, ದನಿ ಎಲ್ಲವನ್ನೂ ಮೊದಲು ಒಂದು ಕಾರ್ಡಿಗೆ, ಆಮೇಲೆ ನನ್ನ ಫೋನಿಗೆ ಇಳಿಸಿದಳು. ಉಳಿದ ರಿಪೇರಿ ಆಮೇಲೆ.

ಸಬಾಸ್ತಾ ದನಿಯನ್ನು ಕಿವಿಗೆ ಹಿಡಿದು ಕೇಳಿದರು. "ದೇಯ್ಸಿ. ಏಳು ಮಗಳೇ. ಬಾ, ಹೊತ್ತಾಯ್ತು." ಅಷ್ಟೇ. ಮತ್ತೊಮ್ಮೆ ಹಾಕಿಸಿದರು. ಅಷ್ಟೇ. ಅವರು ತಲೆ ಎತ್ತಿ ನನ್ನ ಮುಖ ನೋಡಿದರು.

"ಮೆಟ್ಟಿನ ಮಾತು?" ಎಂದರು. "ನೀನೂ ಕೇಳಿದ್ಯಲ್ಲ?"

ಕೇಳಿದ್ದೆ. ಚಳಿಗೆ ದನಿ ಕೆಟ್ಟು ಹಾಗೆ ಕೇಳಿಸಿರಬಹುದೇ ಎಂದು ಹೆರ್ಮಿನಿಯಾಳನ್ನು ಕೇಳಿದೆ. ಚಳಿಗೆ ಮಾತು ಅರ್ಧಕ್ಕೆ ನಿಲ್ಲಬಹುದು, ಇಲ್ಲದ ಮಾತು ಸೇರಿಕೊಳ್ಳುವುದಿಲ್ಲ ಎಂದಳು. ಎಲ್ಲ ಕಡತ ಹುಡುಕಿದಳು, ಸಿಗಲಿಲ್ಲ. ಆಮೇಲೆ ತಲೆ ತಗ್ಗಿಸಿ ಸ್ಕ್ರೂ ತಿರುಗಿಸತೊಡಗಿದಳು. ಸಬಾಸ್ತಾ ದೇಯ್ಸಿಯ ತಲೆ ಸವರಿದರು. ಮಗುವನ್ನು ಒಯ್ಯಲು ಬಂದವಳು ಕಾಲಿಗೆ ಮೆಟ್ಟು ಹಾಕಿಕೋ ಅನ್ನುವುದಿಲ್ಲ ಎಂದರು. ಅಳಿಸುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಈಗ ಕೇಳುತ್ತಿರುವ ನಿಮಗೆ ನನ್ನದೊಂದು ಬೇಡಿಕೆ. ಫೋನು ನೀರಿಗೆ ಬಿದ್ದರೆ ಕೂಡಲೇ ಆಫ್ ಮಾಡಿ, ಸಿಮ್ಮು ಕಾರ್ಡು ತೆಗೆದು ಒರೆಸಿ, ಗಾಳಿಯಾಡುವ ನೆರಳಲ್ಲಿ ಇಡಿ. ಚಾರ್ಜಿಗೆ ಹಾಕಬೇಡಿ, ಒಲೆಗೂ ಬೇಡ, ಬಿಸಿಲಿಗೂ ಬೇಡ, ಹಿಮಕ್ಕಂತೂ ಬೇಡವೇ ಬೇಡ. ತಡಮಾಡದೆ ಬಲ್ಲವರ ಹತ್ತಿರ ಒಯ್ಯಿರಿ. ಪರದೆ ಕಪ್ಪಾದ ಮಾತ್ರಕ್ಕೆ ಫೋನು ಸತ್ತಿತು ಎಂದುಕೊಳ್ಳಬೇಡಿ. ಅಂಗಡಿಯವರ ಕೈಗೆ ಕೊಡುವ ಮೊದಲೇ, ನನ್ನನ್ನು ಕೇಳದೆ ಏನನ್ನೂ ಅಳಿಸಬೇಡಿ ಎಂದು ಬಾಯಿ ಬಿಟ್ಟು ಹೇಳಿ. ಬೀಗದ ಗುರುತು ಮನೆಯಲ್ಲಿ ನಂಬಿಕೆಯ ಇನ್ನೊಬ್ಬರಿಗೆ ತಿಳಿದಿರಲಿ. ಎಲ್ಲಕ್ಕಿಂತ ಮೊದಲು, ಫೋನು ಚೆನ್ನಾಗಿರುವ ಇವತ್ತೇ, ನಿಮ್ಮವರ ಮುಖ ಮತ್ತು ದನಿಯನ್ನು ಇನ್ನೊಂದು ಕಡೆಗೂ ಇಳಿಸಿಕೊಳ್ಳಿ. ಹೋದವರನ್ನು ಕರೆದು ಇನ್ನೊಮ್ಮೆ ಹೇಳಿಸಿಕೊಳ್ಳಲು ಬರುವುದಿಲ್ಲ.

ದೇಯ್ಸಿ ಈಗ ಮಾತಾಡುತ್ತಾಳೆ, ನಾವು ಬೈಯುವಷ್ಟು ಮಾತಾಡುತ್ತಾಳೆ. ಬೆಳಿಗ್ಗೆ ತಾಯಿ ಕರೆದ ಕೂಡಲೇ ಓ ಎಂದು ಏಳುತ್ತಾಳೆ, ಟೈರಿನ ಮೆಟ್ಟು ಹಾಕಿಕೊಂಡೇ ಬಾಗಿಲು ತೆರೆಯುತ್ತಾಳೆ. ಎವರಿಸ್ತಾಳ ದನಿ ಮೂರು ಕಡೆ ಭದ್ರವಾಗಿದೆ. ಆ ಬೆಳಿಗ್ಗೆ ಹಾಸಿನ ನಡುವಿನಿಂದ ಬಂದ ಕೊನೆಯ ಮಾತು ಮಾತ್ರ ಯಾವ ಕಾರ್ಡಿನಲ್ಲೂ ಇಲ್ಲ. ಅದು ಸಬಾಸ್ತಾ ಅವರ ಕಿವಿಯಲ್ಲಿದೆ, ದೇಯ್ಸಿಯ ಕಿವಿಯಲ್ಲಿದೆ, ನನ್ನ ಕಿವಿಯಲ್ಲಿದೆ. ನಾವು ಮೂವರೂ ಹೋದರೆ ಅದೂ ಹೋಗುತ್ತದೆ.