ಒಳಗಿನ ಚಿಲಕ

ಅವಳು ಬರೆದು ಬಿಡಿಸುತ್ತಿದ್ದ ಮಂಗಾದಲ್ಲಿ, ಅಂದರೆ ಜಪಾನಿ ಮಾದರಿಯ ಚಿತ್ರಕಥೆಯಲ್ಲಿ, ಒಂದು ಬಾಗಿಲೂ ಮುಚ್ಚಿರುತ್ತಿರಲಿಲ್ಲ. ಮಳೆ ಹೊಡೆಯಲಿ, ಕಳ್ಳ ನುಗ್ಗಲಿ, ಪ್ರೇಮಿಗಳು ಗುಟ್ಟು ಮಾತಾಡಲಿ, ಬಾಗಿಲು ಮಾತ್ರ ಹಾರುಹೊಡೆದಿರಬೇಕು. ಓದುಗರು ಇದನ್ನು ಅವಳ ಶೈಲಿ ಎಂದು ಹಾಡಿ ಹೊಗಳಿದ್ದರು. ಶೈಲಿಯೂ ಇಲ್ಲ, ಮಣ್ಣೂ ಇಲ್ಲ. ಅವಳನ್ನು ಸಾಕಿದ ಸೋದರತ್ತೆ, ಹುಡುಗಿ ಎದುರುತ್ತರ ಕೊಟ್ಟಳೆಂದರೆ ಸಾಕು, ಸಾಮಾನಿನ ಕೋಣೆಗೆ ತಳ್ಳಿ ಹೊರಗಿನಿಂದ ಚಿಲಕ ಜಡಿಯುತ್ತಿದ್ದಳು. ಸಿಟ್ಟು ಇಳಿದಾಗ ತೆರೆಯುತ್ತಿದ್ದಳು, ಕೆಲವೊಮ್ಮೆ ಮರೆತೇಬಿಡುತ್ತಿದ್ದಳು. ಇದನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಕಥೆಯಲ್ಲಿ ಮುಖಗಳು ಅವಳ ಕೆಲಸ. ಗೋಡೆ, ಮೆಟ್ಟಿಲು, ಬೀದಿ, ಬಾಗಿಲುಗಳು ಅವಳ ಸಹಾಯಕನವು. ಮೂಗಿಗೂ ಕಾಲರಿಗೂ ಸದಾ ಇಂಕು ಮೆತ್ತಿಕೊಂಡಿರುತ್ತಿದ್ದ ಅವನಿಗೆ ಕಚೇರಿಯಲ್ಲಿ ಮಸಿರಾಯ ಎಂದೇ ಹೆಸರು. ಕಲಾಶಾಲೆಯಿಂದಲೂ ಅವಳ ಜೊತೆಗಿದ್ದವನು. ಅವಳಿಗೆ ಅವನ ಮೇಲೆ ಮನಸ್ಸಿದೆ ಎಂಬುದು ಕಚೇರಿಗೆಲ್ಲ ಗೊತ್ತಿತ್ತು, ಆ ಮಹಾನುಭಾವನೊಬ್ಬನನ್ನು ಬಿಟ್ಟು.

ಈಗ ಕೊನೆಯ ಕಂತು ಬಂದಿತ್ತು. ಒಂದು ಕಾಲದಲ್ಲಿ ಕೂಡಿಹಾಕಿಸಿಕೊಂಡಿದ್ದ ಕಥಾನಾಯಕಿ ತನ್ನ ಕೋಣೆಯ ಬಾಗಿಲನ್ನು ತಾನೇ ಮುಚ್ಚಿ, ಒಳಗೆ ನೆಮ್ಮದಿಯಾಗಿ ಕೂರುತ್ತಾಳೆ. ನಾಯಕ ಹೊರಗೆ ಕಾಯುತ್ತಾನೆ. ಹಾಗೆಂದು ಬರೆದವಳು ಅವಳೇ. ಬರೆಯುವಾಗ ಇದ್ದ ಧೈರ್ಯ ಚಿತ್ರ ಬಿಡಿಸುವ ಹೊತ್ತಿಗೆ ಎಲ್ಲಿ ಹೋಯಿತೋ, ಕೈಯೇ ಏಳಲಿಲ್ಲ.

"ಸಂಜೆಯೊಳಗೆ ಪುಟ ಬರ್ಲಿಲ್ಲ ಅಂದ್ರೆ ಬೇರೆಯವರ ಕೈಲಿ ಮುಗಿಸ್ತೀನಿ ಕಣೇ. ಆಮೇಲೆ ನನ್ನ ಹತ್ರ ರಂಪ ಮಾಡ್ಬೇಡ," ಎಂದು ಸಂಪಾದಕಿ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು. ಬೇರೆಯವರು ಏನು ಮಾಡುತ್ತಾರೆಂದು ಕಥೆ ಬರೆದವಳಿಗೆ ಗೊತ್ತಿತ್ತು. ಹುಡುಗಿಯನ್ನು ಗೊಳೋ ಎಂದು ಅಳಿಸಿ, ನಾಯಕನ ಕೈಯಲ್ಲಿ ಬಾಗಿಲು ಒಡೆಸುತ್ತಾರೆ.

ಅಷ್ಟರಲ್ಲಿ ಮಸಿರಾಯ ತನ್ನ ಪಾಲಿನ ಪುಟ ತಂದು ಮುಂದಿಟ್ಟ. ನಾಯಕನ ಕಡೆಯಿಂದ ಕಾಣುವ ಮುಚ್ಚಿದ ಬಾಗಿಲು. ಅದರ ಮೇಲೆ ದಪ್ಪನೆಯ ಚಿಲಕ.

"ಚಿಲಕ ಯಾಕೋ ಹೊರಗಿದೆ?"

"ಅದಿಲ್ದೆ ಬರೀ ಹಲಗೆ ಥರ ಕಾಣ್ತಿತ್ತು. ಅಂದ ಬರ್ಲಿ ಅಂತ ಹಾಕ್ದೆ."

"ಅಂದವಂತೆ, ಅಂದ! ಚಿಲಕ ಹೊರಗಿದ್ರೆ ಯಾರೋ ಅವಳನ್ನ ಕೂಡಿಹಾಕಿದಾರೆ ಅಂತ ಅರ್ಥ! ನನ್ನನ್ನ ಹಾಕ್ತಿದ್ರಲ್ಲ, ಹಾಗೆ!"

ಮಾತು ಜಾರಿಬಿಟ್ಟಿತ್ತು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ ಎಂದು ಅತ್ತೆ, ಕೋಣೆ, ಕತ್ತಲು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಮಸಿರಾಯ ಅಯ್ಯೋ ಪಾಪ ಎನ್ನಲಿಲ್ಲ. ಅವನ ಕಣ್ಣು ಕೆಂಪಾಗಿತ್ತು. ಚಿಲಕ ಅಳಿಸಲು ಬಿಳಿ ಬಣ್ಣದ ಕುಂಚ ಎತ್ತಿಕೊಂಡ.

"ಕೊಡಿಲ್ಲಿ," ಎಂದು ಅವಳು ಕಿತ್ತುಕೊಂಡಳು. "ಇದನ್ನ ಅಳಿಸೋಳು ನಾನು."

ಅಳಿಸಿದಳು. ಅಳಿಸಿದ ಕೈಗೆ ಎಲ್ಲಿಲ್ಲದ ಹುರುಪು ಬಂತು. ಈ ಒಂದು ಬಾಗಿಲನ್ನು ತಾನೇ, ಒಳಗಿನಿಂದ ಕಾಣುವಂತೆ ಬಿಡಿಸಬೇಕು. ಒಳಭಾಗವನ್ನು ನೋಡದೆ ಬಿಡಿಸುವುದು ಹೇಗೆ? ಚಿತ್ರದ ಹಲಗೆ, ಹೊಸ ಹಾಳೆ, ಪೆನ್ಸಿಲು ಹಿಡಿದು ಕಚೇರಿಯ ಹಿಂದಿನ, ಕಾಗದ ಪೇರಿಸಿಡುವ ಕೋಣೆಗೆ ನಡೆದಳು.

"ನೀನು ಹೊರಗೆ ಕೂತ್ಕೋ. ಬಾಗಿಲು ಮಾತ್ರ ಮುಟ್ಬೇಡ. ನಾನೇ ತೆಗೀತೀನಿ."

ಒಳಗಿನಿಂದ ಚಿಲಕ ಹಾಕಿದಳು. ತಕ್ಷಣ ತೆಗೆದಳು. ಮತ್ತೆ ಹಾಕಿದಳು. ಮತ್ತೆ ತೆಗೆದಳು. ಪ್ರತಿಸಲವೂ ಚಿಲಕ ಅವಳು ಹೇಳಿದಂತೆ ಕೇಳಿತು. ಕೊನೆಗೆ ಹಾಕಿ, ಕಾಗದದ ಕಟ್ಟಿನ ಮೇಲೆ ಕೂತಳು.

"ಏನಾದ್ರೂ ಮಾತಾಡ್ತಿರೋ!"

ಮಸಿರಾಯ ಕೊನೆಯ ಕಂತಿನ ನಾಯಕನ ಸಂಭಾಷಣೆಯನ್ನೇ ಓದತೊಡಗಿದ, ಗಂಟಲು ದಪ್ಪ ಮಾಡಿಕೊಂಡು. ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಗೆರೆ ಎಳೆದಳು: ಬಾಗಿಲು, ಚಿಲಕ, ಹುಡುಗಿಯ ಮಡಿಸಿದ ಕಾಲು. ಇದ್ದಕ್ಕಿದ್ದಂತೆ ಓದು ನಿಂತಿತು.

"ಯಾಕೋ?"

"ಮುಂದಿಂದು ಅವನು ಪ್ರೀತಿ ಹೇಳ್ಕೊಳ್ಳೋ ಮಾತು. ಅವನ ಪರವಾಗಿ ನನ್ನ ಕೈಲಿ ಹೇಳೋಕಾಗಲ್ಲ."

"ಹಾಗಾದ್ರೆ ನಿನ್ನ ಪರವಾಗಿ ಹೇಳು."

ಹೊರಗಿನಿಂದ ಈ ಸಲ ಅವನ ಮಾಮೂಲಿ ದನಿ ಬಂತು. "ನೀನಂದ್ರೆ ನಂಗೆ ಜೀವ ಕಣೇ. ಕಲಾಶಾಲೆ ದಿನದಿಂದ್ಲೂ. ಈಗ ಬಾಗಿಲು ತೆಗೀತೀಯಾ?"

ಸಂತೋಷ ತಡೆಯಲಾರದೆ ಅವಳು ಎದ್ದೇ ನಿಂತಳು. ಚಿಲಕ ನೋಡಿದಳು, ಕಾಗದ ನೋಡಿದಳು. ಹುಡುಗಿಯ ಮುಖ ಇನ್ನೂ ಬಾಕಿಯಿತ್ತು.

"ನಂಗೂ ನೀನಂದ್ರೆ ಜೀವ ಕಣೋ. ಸ್ವಲ್ಪ ಕಾಯಿ, ಇಲ್ಲಿ ಆರಾಮಾಗಿದೀನಿ," ಎಂದು ಕೂಗಿ, ಅವಳು ಮತ್ತೆ ಕೂತು ಪೆನ್ಸಿಲು ಚೂಪು ಮಾಡಿಕೊಂಡಳು.