ಅಟ್ಟ ಹತ್ತಿದ ಪುಸ್ತಕ

ಹನ್ನೊಂದು ತುಂಬುವುದರೊಳಗೆ ನಾನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ್ದೆ. ಒಂದೂ ಉಳಿದಿರಲಿಲ್ಲ. ಬಸ್ಸಿನ ಟಿಕೆಟ್ಟು ಓದುತ್ತ ಕೂತಿದ್ದ ನನ್ನನ್ನು ಕಂಡು ಮರುಗಿದ ನಮ್ಮ ಮೇಷ್ಟ್ರು, ನನಗೋಸ್ಕರ ತಾವೇ ಒಂದು ಪುಸ್ತಕ ಬರೆಯಲು ಕೂತರು. ಅವರು ಬರೆಯುವುದಕ್ಕಿಂತ ನಾನು ಓದುವುದು ಜೋರಾಗಿ, ಯಾವಾಗಲೂ ಎರಡು ಪುಟ ಮುಂದಿರುತ್ತಿದ್ದೆ.

ಇಂಥ ನಾನು, ಬಿಳಿಗೆರೆಯ ರೇಣುಕಪ್ರಸಾದ್, ಐವತ್ತೆಂಟನೆಯ ವಯಸ್ಸಿನಲ್ಲಿ ಹೋದ ಭಾನುವಾರ ನಮ್ಮ ಮನೆಯ ಅಟ್ಟದ ಮೇಲೆ ಸಿಕ್ಕಿಬಿದ್ದೆ. ಕೂಡಿಹಾಕಿದವಳು ತವರಿಗೆ ಬಂದಿದ್ದ ನನ್ನ ಒಡಹುಟ್ಟಿದ ಅಕ್ಕ, ಕಲ್ಲಮ್ಮ.

ನಮ್ಮ ಕಡೆ ಅಟ್ಟವೆಂದರೆ ಕೊಬ್ಬರಿ ಆಗುವ ಜಾಗ. ಸಿಪ್ಪೆ ಸಮೇತ ಕಾಯಿ ಹರಡಿದರೆ ಹನ್ನೊಂದು ತಿಂಗಳು ಯಾರೂ ಮುಟ್ಟುವಂತಿಲ್ಲ. ನೀರು ತಾನಾಗಿ ಇಂಗಿ, ಚಿಪ್ಪಿನೊಳಗೇ ಉಂಡೆ ಕಟ್ಟಬೇಕು. ಗಾಳಿಯಾಡಲೆಂದು ಅಟ್ಟಕ್ಕೆ ಹಾಸಿದ ಮರದ ದಬ್ಬೆಗಳ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿರುತ್ತೇವೆ. ನಮ್ಮ ದಬ್ಬೆಗಳಿಗೆ ಹುಳ ಹತ್ತಿತ್ತು. ಮಾರನೆಯ ದಿನ ಬಡಗಿ ಬಂದು ಎಲ್ಲವನ್ನೂ ಕಿತ್ತುಹಾಕುವವನಿದ್ದ.

"ಉಳಿದ ಕಾಯಿ ನಾನೊಬ್ನೇ ಇಳಿಸ್ತೀನಿ, ಹತ್ತಾಳಿನ ಕೆಲಸ, ನೋಡ್ತಿರಕ್ಕ" ಎಂದು ಏಣಿ ಹತ್ತಿದೆ.

ನಿಜವಾದ ಕಾರಣ ಬೇರೆ. ಗೋಡೆಗೂ ತೊಲೆಗೂ ನಡುವಿನ ಸಂದಿಯಲ್ಲಿ ಒಂದು ಪುಸ್ತಕವಿತ್ತು. ಅಕ್ಕನ ಕಣ್ಣಿಗೆ ಬೀಳುವ ಮೊದಲು ಅದನ್ನು ಅಂಗಿಯೊಳಗೆ ಸೇರಿಸಿ, ಬಚ್ಚಲ ಒಲೆಗೆ ಹಾಕಬೇಕಿತ್ತು.

ನಲವತ್ತೇಳು ವರ್ಷದ ಹಿಂದೆ ಅಕ್ಕ ಅದನ್ನು ಓದುತ್ತಿದ್ದಳು. ಕೋಟೆಯೊಂದರ ನೆಲಮಾಳಿಗೆಗೆ ಇಳಿದ ಹುಡುಗಿಯ ಹಿಂದೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಅಷ್ಟು ಓದುವುದರೊಳಗೆ ಪುಸ್ತಕ ಕಾಣೆಯಾಯಿತು. ಅಕ್ಕ ಮದುವೆಯಾಗಿ ಕಂದಿಕೆರೆಯ ಹದಿನಾಲ್ಕು ಜನರ ಮನೆಗೆ ಹೋದಳು. ಮೊದಲ ಸಲ ತವರಿಗೆ ಬಂದವಳು ಚೀಲ ಇಳಿಸುವ ಮೊದಲೇ ಕೇಳಿದ್ದು, "ಆ ಹುಡುಗಿ ಈಚೆಗೆ ಬಂದ್ಲೇನ್ಲಾ?"

ಪುಸ್ತಕ ಸಿಕ್ಕಿತ್ತು, ಒಂದೇ ಉಸಿರಿಗೆ ಓದಿ ಶಾಲೆಗೆ ವಾಪಸು ಕೊಟ್ಟೆ ಎಂದೆ. ಹುಡುಗಿಯಿಂದ ಸುರಂಗ ತೋಡಿಸಿದೆ. ಮುಂದಿನ ವರ್ಷ ಕೇಳಿದಾಗ ಆನೆ ಕರೆಸಿ ಬಾಗಿಲು ಒಡೆಸಿದೆ. ಬೆರಣಿ ತಟ್ಟಿ ಬಿರಿದ ಕೈಯನ್ನು ಕೆನ್ನೆಗಿಟ್ಟುಕೊಂಡು ಅಕ್ಕ ಕೇಳುತ್ತಿದ್ದಳು. ಹುಡುಗಿ ಹೊರಗೆ ಬಂದಳೆಂದರೆ ಅವಳ ಮುಖ ಸಡಿಲವಾಗುತ್ತಿತ್ತು. ಆ ಮುಖ ನೋಡಿದ ಮೇಲೆ ನಾನು ಯಾವ ಬಾಯಲ್ಲಿ ನಿಜ ಹೇಳಲಿ?

ಅಟ್ಟದಲ್ಲಿ ಬೆನ್ನು ನೆಟ್ಟಗೆ ಮಾಡುವಂತಿರಲಿಲ್ಲ. ತಲೆಯ ಮೇಲೆ ಕಾದ ಹೆಂಚು, ಎಡಕ್ಕೆ ಕಾಯಿಯ ರಾಶಿ, ಮೂಗಿನ ತುಂಬ ನಾರಿನ ಧೂಳು. ತೆವಳಿಕೊಂಡು ಹೋಗಿ ಸಂದಿಗೆ ಕೈ ಹಾಕಿದೆ. ಸಿಕ್ಕಿತು.

"ಅದ್ಯಾಕ್ಲಾ, ಬಾಯಿ ನಿಂತೋಯ್ತು?" ಕೆಳಗಿನಿಂದ ಅಕ್ಕನ ದನಿ.

"ಹೆಗ್ಗಣದ ಗೂಡು ಕಣಕ್ಕ. ಕರೂನಷ್ಟು ದಪ್ಪ ಹೆಗ್ಗಣ."

"ಹೆಗ್ಗಣಕ್ಕೆ ಕೆಂಪು ರಟ್ಟು ಇರ್ತದಾ?"

ಬಗ್ಗಿ ನೋಡಿದೆ. ದಬ್ಬೆಯ ಸಂದಿನಲ್ಲಿ ಅಕ್ಕನ ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣು ಮರೆಯಾಯಿತು. ಏಣಿ ನೆಲಕ್ಕೆ ಉಜ್ಜಿದ ಸದ್ದು ಕೇಳಿತು. ತೆವಳಿ ಬಂದು ನೋಡುವಷ್ಟರಲ್ಲಿ ಅದು ಎದುರುಗೋಡೆಗೆ ಒರಗಿತ್ತು, ಪಕ್ಕದಲ್ಲಿ ಅಕ್ಕ ಮಣೆ ಹಾಕಿಕೊಂಡು ಕೂತಿದ್ದಳು.

"ವಾಪಸು ಕೊಟ್ಟಿದ್ದ ಪುಸ್ತಕ ಅಟ್ಟ ಹೆಂಗೆ ಹತ್ತಿತೋ ಆಮ್ಯಾಲೆ ಕೇಳ್ತೀನಿ. ಕೊನೇದು ಓದು. ಓದಿದ ಮ್ಯಾಲೆ ಏಣಿ."

"ಸೆಕೆ ಕಣಕ್ಕ, ಸತ್ತೋಯ್ತೀನಿ. ಕೆಳಗೆ ಬಂದು ಓದ್ತೀನಿ."

"ಬಂದ್ರೆ ಒಲೆಗೆ ಹಾಕ್ತೀಯ. ನಿನ್ನ ನಾನು ಎತ್ತಾಡ್ಸಿದೀನಿ ಕಣ್ಲಾ."

ಎರಡಾಳೆತ್ತರ. ವಯಸ್ಸಿನಲ್ಲಿ ತೆಂಗಿನಮರದ ಸುಳಿಯಿಂದಲೇ ಹಾರಿದವನು ನಾನು, ಆದರೆ ಮಂಡಿಗೆ ಅದು ನೆನಪಿರಲಿಲ್ಲ. ಬೆವರು ಕಣ್ಣಿಗಿಳಿಯುತ್ತಿತ್ತು. ಬೇರೆ ದಾರಿಯಿಲ್ಲದೆ ಪುಸ್ತಕ ಮಡಿಲಲ್ಲಿಟ್ಟುಕೊಂಡು ಓದುವ ರಾಗ ತೆಗೆದೆ. ಹುಡುಗಿ ಕತ್ತಲಲ್ಲಿ ಗೋಡೆ ತಡವಿದಳು. ಒಂದು ಕಲ್ಲು ಅಲ್ಲಾಡಿತು. ಅದರಾಚೆ ಮೆಟ್ಟಿಲು, ಮೆಟ್ಟಿಲು ಇಳಿದರೆ ಹೊಳೆ, ಹೊಳೆಯಲ್ಲಿ ದೋಣಿ, ದೋಣಿಯಲ್ಲಿ ಅವಳ ತಮ್ಮ. ಇಷ್ಟು ಚೆನ್ನಾಗಿ ಯಾವ ಪುಸ್ತಕದಲ್ಲೂ ಬರೆದಿರಲಾರರು. ಕಾಲು ಗಂಟೆಯಾದರೂ ಓದಿರಬೇಕು.

ಮುಗಿಸಿದೆ.

"ಏಣಿ ಹಾಕಕ್ಕ."

"ರೇಣುಕ, ಇಷ್ಟೊತ್ತು ಓದ್ದೆ. ಹಾಳೆ ಮಗುಚಿದ ಸದ್ದು ಒಂದು ಸಲಾನೂ ಕೇಳ್ನಿಲ್ಲ."

ಕೋಪವಿದ್ದರೆ ನಿಭಾಯಿಸುತ್ತಿದ್ದೆ. ದನಿಯಲ್ಲಿ ಕೋಪವಿರಲಿಲ್ಲ.

"ಸುರಂಗಾನೂ ಸುಳ್ಳು, ಆನೇನೂ ಸುಳ್ಳು ಅಂತ ಆವಾಗ್ಲೇ ಗೊತ್ತಿತ್ತು, ಬುಡು. ಒಂದು ಸಲನಾದ್ರೂ ನಿಜ ಓದು ಅಂದೆ. ನಂಗೂ ಅರವತ್ನಾಕಾಯ್ತು."

ಹಾಳೆ ತೆಗೆಯಲು ನೋಡಿದೆ. ಉಗುರು ಕೂಡ ತೂರಲಿಲ್ಲ. ಇನ್ನೊಂದು ಸುಳ್ಳಿಗೆ ಬಾಯಿ ತೆರೆದೆ, ಬರಲಿಲ್ಲ. ಕಾಯಿಯ ರಾಶಿಗೆ ಒರಗಿ, ಸಂದಿನಲ್ಲಿ ಅವಳ ಬಿಳಿಗೂದಲು ನೋಡುತ್ತ ಹೇಳಿದೆ.

"ಓದಕ್ಕಾಗಲ್ಲಕ್ಕ. ಹಾಳೆ ಎಲ್ಲ ಅಂಟ್ಕೊಂಡು ಹಲಗೆ ಆಗವೆ. ನಿನ್ನ ಮದುವೆ ಹಿಂದಿನ ದಿನ ನಾನೇ ತಂದು ಕಾಯಿ ಅಡೀಲಿ ಇಟ್ಟೆ. ಕಾಯಿ ಹರಡಿ ತಿಂಗಳಾಗಿತ್ತು, ಇನ್ನು ಹತ್ತು ತಿಂಗಳು ಯಾರೂ ಮುಟ್ಟಲ್ಲ ಅಂತ. ಮೇಲಿದ್ದ ಕಾಯಿ ಕೊಳೆತು ನೀರೆಲ್ಲ ಇದರ ಮ್ಯಾಲೇ ಸೋರಿತ್ತು. ಇಳಿಸೋ ಹೊತ್ಗೆ ಹಿಂಗಾಗಿತ್ತು, ತಂದು ಈ ಸಂದೀಲಿ ತುರುಕ್ಬುಟ್ಟೆ."

"ಯಾಕ್ಲಾ ಇಟ್ಟೆ?"

"ನಾನು ಒಂದು ಪುಸ್ತಕಾನೂ ಓದಿಲ್ಲಕ್ಕ. ಎಲ್ಲಾ ನೀನೇ ಓದಿ ಹೇಳಿದ್ದು. ಮುಗಿಸಿಬುಟ್ರೆ ಹೋಗ್ತೀಯ, ಮುಗೀದೇ ಇದ್ರೆ ಇರ್ತೀಯ ಅಂದ್ಕೊಂಡಿದ್ದೆ. ಆ ಹುಡುಗಿ ಈಚೆಗೆ ಬಂದ್ಲೋ ಇಲ್ವೋ, ನಂಗೂ ಗೊತ್ತಿಲ್ಲ."