ಕಾರಿಡಾರಿನ ಕುರ್ಚಿ

೨೦೧೬ರ ಮಾರ್ಚ್ ಎಂಟು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಹೆಸ್ಲಪ್ ದಂಪತಿಯ ಅಡುಗೆಮನೆಯಲ್ಲಿ ಜನೀನ್ ಪೆನ್ನನ್ನು ಮೇಜಿಗೆ ಕುಕ್ಕಿದ ರಭಸಕ್ಕೆ ಕಪ್ಪಿನ ಚಹಾ ತುಳುಕಿ ಸಾಸರಿಗೆ ಬಿತ್ತು.

"ಮತ್ತೆ ಅದನ್ನೇ ಹೇಳಿದ್ರಲ್ಲ ಅಂಕಲ್!"

"ನಾನೇನು ಹೇಳ್ದೆ?" ಎಂದ ಆಲ್ವಿನ್ ಹೆಸ್ಲಪ್.

"ಹೇಗಿದ್ದೀರಿ ಅಂತ ಕೇಳ್ದೆ. ಪರವಾಗಿಲ್ಲ, ದೂರೋಕೇನಿಲ್ಲ ಅಂದ್ರಿ. ದೂರ್ಬೇಕು! ನಾವು ತಪಾಸಣೆಗೆ ಹೋಗೋದೇ ದೂರೋಕೆ."

"ಹೇಗಿದ್ದೀಯಾ ಅಂದ್ರೆ ಯಾರಾದ್ರೂ ಮತ್ತೇನ್ ಹೇಳ್ತಾರೆ ಪುಟ್ಟೀ? ಸಿಕ್ಕಿದವರಿಗೆಲ್ಲ ನನ್ನ ಸೊಂಟದ ಪುರಾಣ ಓದ್ಲಾ?"

"ನನಗೇ ಓದಲ್ಲ, ಅಲ್ಲಿ ಕೂತಿರೋ ಯಾರಿಗೋ ಓದ್ತಾನಾ?" ಒಲೆಯ ಮುಂದೆ ನಿಂತಿದ್ದ ಅವನ ಹೆಂಡತಿ ಮೊಯ್ರಾ ತಿರುಗದೆಯೇ ಹೇಳಿದಳು. "ರಾತ್ರಿ ಮೆಟ್ಟಿಲನ್ನ ಅಂಬೆಗಾಲಲ್ಲಿ ಹತ್ತೋದನ್ನ ನೋಡ್ಬೇಕು ನೀನು. ಏನಯ್ಯಾ ಇದು ಅಂದ್ರೆ, ಬಿದ್ದೋಗಿರೋ ಅಂಗಿ ಗುಂಡಿ ಹುಡುಕ್ತಿದ್ದೀನಿ ಅಂತಾನೆ. ಮೂರು ವರ್ಷದಿಂದ ಅದೇ ಗುಂಡಿ."

ಆಲ್ವಿನ್ ನಕ್ಕ. ನಗು ಕೆಮ್ಮಾಗಿ, ಕೆಮ್ಮು ನಿಲ್ಲುವವರೆಗೆ ಇಬ್ಬರು ಹೆಂಗಸರೂ ಬೇರೆಲ್ಲೋ ನೋಡುತ್ತ ಕಾದರು. ಅವನಿಗೆ ಅರವತ್ತೊಂದು. ಹದಿನಾರಕ್ಕೆ ತಮ್ಮೂರು ಕೆಲ್ಬರ್ನಿನ ಕಲ್ಲಿದ್ದಲು ಗಣಿಗೆ ಇಳಿದವನು. ಮೇಲ್ಛಾವಣಿ ಕುಸಿದು ಸೊಂಟ ಮುರಿದದ್ದು, ಶ್ವಾಸಕೋಶಕ್ಕೆ ಧೂಳು ತುಂಬಿದ್ದು ಎರಡೂ ಅಲ್ಲೇ. ಹದಿನೈದು ವರ್ಷಗಳಿಂದ ಅಂಗವೈಕಲ್ಯದ ಭತ್ಯೆ ಬರುತ್ತಿತ್ತು. ಆ ಭತ್ಯೆಯ ಒಂದು ಪಾಲಿನ ಬದಲಿಗೆ ಕೈಯಲ್ಲೇ ಬ್ರೇಕು ಹಾಕುವ ಒಂದು ಕಾರು ಮನೆ ಮುಂದೆ ನಿಂತಿರುತ್ತಿತ್ತು. ಈಗ ಸರ್ಕಾರ ಹಳೆಯ ಭತ್ಯೆಯನ್ನು ತೆಗೆದು ಹೊಸದನ್ನು ತಂದಿತ್ತು; ಅದು ಸಿಗಬೇಕಾದರೆ ಎಲ್ಲರೂ ಮತ್ತೆ ತಪಾಸಣೆಗೆ ಹೋಗಬೇಕಿತ್ತು. ಐವತ್ತು ಮೀಟರ್ ನಡೆಯಲಾರದವನಿಗೆ ಕಾರು ಎಂಬುದು ಹಳೆಯ ರೂಢಿ. ಇಪ್ಪತ್ತು ಮೀಟರ್ ಕೂಡ ನಡೆಯಲಾರದವನಿಗೆ ಮಾತ್ರ ಎಂಬುದು ಹೊಸ ನಿಯಮ. ಐವತ್ತನ್ನು ಇಪ್ಪತ್ತಾಗಿಸಿದವರು ಕಾಲುಗಳಿಗೆ ಏನೂ ಹೇಳಿ ಕಳಿಸಿರಲಿಲ್ಲ.

ಆ ಬೀದಿಯ ಕೆಂಪು ಇಟ್ಟಿಗೆಯ ಮನೆಗಳೆಲ್ಲ ಒಂದು ವಸತಿ ಸಂಘದವು. ಜನೀನ್ ಆ ಸಂಘದ ಸಂಬಳದವಳು. ಬಾಡಿಗೆದಾರರು ಹೊಸ ನಿಯಮಗಳಿಗೆ ಹೊಂದಿಕೊಳ್ಳುವಂತೆ ನೆರವಾಗುವುದು ಅವಳ ಕೆಲಸ. ಕಾರು ಹೋದರೆ ಆಸ್ಪತ್ರೆಗೆ ಟ್ಯಾಕ್ಸಿ, ಟ್ಯಾಕ್ಸಿಗೆ ಮನೆ ಬಾಡಿಗೆಯ ದುಡ್ಡು; ಸಂಘದ ಕಾಳಜಿಯ ಮೂಲ ಅಷ್ಟೇ. 'ಬನ್ನಿ, ಬದಲಾವಣೆಗೆ ಹೊಂದಿಕೊಳ್ಳೋಣ' ಎಂಬ ಕರಪತ್ರವೂ ಇತ್ತು. ಅದರ ಮೇಲೆ ಹುಲ್ಲಿನಲ್ಲಿ ಓಡುತ್ತಿರುವ ಒಂದು ಕುಟುಂಬ. ಓಡುತ್ತಿರುವ! ಮೊದಲ ದಿನವೇ ಜನೀನ್ ಆ ಕರಪತ್ರಗಳ ಕಟ್ಟನ್ನು ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿಯ ಕೆಳಗೆ ತುರುಕಿದ್ದಳು. ಈ ಬೀದಿಯಲ್ಲಿ ಆಗಲೇ ಆರು ಜನರಿಗೆ ಭತ್ಯೆ ನಿಂತಿತ್ತು. ಆರೂ ಜನ ಗಣಿಯವರು. ಹೇಗಿದ್ದೀರಿ ಎಂದು ಕೇಳಿದಾಗ ಆರೂ ಜನ ದೂರೋಕೇನಿಲ್ಲ ಎಂದಿದ್ದರು. ಬಿಳಿ ಅಂಗಿ, ಟೈ ಹಾಕಿಕೊಂಡು, ಬೂಟಿಗೆ ಪಾಲಿಶ್ ಹಚ್ಚಿಕೊಂಡು ಹೋಗಿ ಹಾಗೆ ಹೇಳಿ ಬಂದಿದ್ದರು. 'ನೋಟಕ್ಕೆ ಅಚ್ಚುಕಟ್ಟು, ಸಂಕಟದ ಲಕ್ಷಣಗಳಿಲ್ಲ' ಎಂದು ವರದಿಯಲ್ಲಿ ಬಂದಿತ್ತು.

"ಟೈ ಹಾಕ್ಬೇಡಿ," ಎಂದಳು ಜನೀನ್.

"ಟೈ ಇಲ್ದೆ ಆಫೀಸಿಗೆ ಹೋಗ್ಲಾ? ನಿಮ್ಮಪ್ಪ ಕೇಳಿದ್ರೆ ಏನಂದಾನು?"

"ಅಪ್ಪ ಸತ್ತು ಏಳು ವರ್ಷ ಆಯ್ತು."

"ಟೈ ಹಾಕ್ಸೇ ಕಳ್ಸಿದ್ವಿ ಅವನನ್ನ," ಎಂದ ಆಲ್ವಿನ್.

ಮಧ್ಯಾಹ್ನ ಅವಳೇ ಅವನನ್ನು ತೋಟಕ್ಕೆ ಹೊರಡಿಸಿದಳು. ಊರಾಚೆಯ ದಿಣ್ಣೆಯ ಮೇಲೆ ಗಣಿಯವರಿಗೆಲ್ಲ ಒಂದೊಂದು ತುಂಡು ನೆಲವಿತ್ತು. ಅಲ್ಲಿ ಅವರು ಬೆಳೆಯುತ್ತಿದ್ದದ್ದು ತೋಳಿನಷ್ಟು ದಪ್ಪದ ಲೀಕ್ ಈರುಳ್ಳಿ. ತಿನ್ನುವುದಕ್ಕಲ್ಲ, ಸೆಪ್ಟೆಂಬರಿನ ಪ್ರದರ್ಶನಕ್ಕೆ. ಕಾರು ಬೇಲಿಯವರೆಗೂ ಹೋಗುತ್ತಿತ್ತು. ಆಲ್ವಿನ್ ಇಳಿದು ಗಾಜಿನ ಮನೆಯೊಳಗೆ ಸ್ಟೂಲಿನ ಮೇಲೆ ಕೂತರೆ, ಪಕ್ಕದ ತುಂಡಿನವರು ಒಬ್ಬೊಬ್ಬರಾಗಿ ಬಂದು ಅವನ ಸಸಿಗಳನ್ನು ಆಡಿಕೊಂಡು ಹೋಗುತ್ತಿದ್ದರು. ಅವನಿಗೆ ಉಳಿದಿದ್ದ ಲೋಕ ಅದು. ನಡೆದು ಬರುವಷ್ಟು ಹತ್ತಿರವಿರಲಿಲ್ಲ.

"ಹೋದ ವರ್ಷ ಪ್ರದರ್ಶನದಲ್ಲಿ ಒಂದು ಲೀಕಿನ ಸುತ್ತಳತೆ ಕೂದಲೆಳೆಯಷ್ಟು ಜಾಸ್ತಿ ಬರೆದ್ರು ಅಂತ ಬೆಳೆಗಾರರ ಕ್ಲಬ್ಬನ್ನ ತಲೆಕೆಳಗೆ ಮಾಡಿದವರು ಯಾರು?" ಎಂದು ಕೇಳಿದಳು ಜನೀನ್.

"ಸುಳ್ಳು ಅಳತೆ ಅದು. ಕಳ್ಳತನ!"

"ನಿಮ್ಮ ಕಾಲಿನ ಅಳತೆ ಮಾತ್ರ ಸುಳ್ಳು ಬರೆಸಬಹುದಾ?"

ಅವಳು ಗಾಜಿನ ಮನೆಯ ಗೋಡೆಯಿಂದ ಟೇಪು ತೆಗೆದು ದಾರಿಯುದ್ದಕ್ಕೂ ಹಾಸಿದಳು. ಆಲ್ವಿನ್ ಕೋಲೂರಿ ನಡೆದ. ನೀರಿನ ಪೀಪಾಯಿಯ ಬಳಿ ನಿಂತು ಅದರ ಅಂಚು ಹಿಡಿದುಕೊಂಡ. ಹದಿನಾಲ್ಕು ಮೀಟರ್. ಕಾಲು ಗಂಟೆ ಕೂತೆದ್ದು ಮತ್ತೆ ನಡೆದ. ಈ ಸಲ ಪೀಪಾಯಿಯನ್ನೂ ಮುಟ್ಟಲಿಲ್ಲ; ಒಂಬತ್ತು. ಮೂರನೆಯ ಸಲ ಎದ್ದೇಳಲಾಗಲಿಲ್ಲ.

"ಒಂದು ಸಲ ಎದ್ದುಬಿದ್ದು ಮಾಡಿದ್ದು ಲೆಕ್ಕಕ್ಕಿಲ್ಲ ಅಂಕಲ್. ಮತ್ತೆ ಮತ್ತೆ ಮಾಡೋಕಾಗ್ಬೇಕು. ಅದು ನಿಯಮದಲ್ಲೇ ಇದೆ. ನೀವು ಸುಳ್ಳು ಹೇಳೋದು ಬೇಡ. ನಿಲ್ಬೇಕು ಅನ್ಸಿದಾಗ ನಿಂತರೆ ಸಾಕು."

ಆಲ್ವಿನ್ ಕೋಲಿನ ತುದಿಯಿಂದ ಟೇಪನ್ನು ಆಚೆ ತಳ್ಳಿದ. "ಒಂಬತ್ತು," ಎಂದ. "ಥೂ. ಆಯ್ತು ಪುಟ್ಟೀ. ಎಲ್ಲ ಹೇಳ್ತೀನಿ. ಆದ್ರೆ ಮೊಯ್ರಾ ಒಳಗೆ ಬರೋದು ಬೇಡ."

ತಪಾಸಣೆಯ ಹಿಂದಿನ ದಿನ ಜನೀನ್ ಪಟ್ಟಣಕ್ಕೆ ಹೋಗಿ ಆ ಕಚೇರಿಯನ್ನು ನೋಡಿಕೊಂಡು ಬಂದಳು. ಸರ್ಕಾರದಿಂದ ಗುತ್ತಿಗೆ ಹಿಡಿದ ಕಂಪನಿಯವರು ನಡೆಸುತ್ತಿದ್ದ ಕಟ್ಟಡ. ಕಾಯುವ ಕೋಣೆಗೂ ತಪಾಸಣೆಯ ಕೋಣೆಗೂ ನಡುವೆ ಉದ್ದನೆಯ ಕಾರಿಡಾರ್. ಯಾಕಷ್ಟು ಉದ್ದ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕರೆಯಲು ಬಂದವರು ಪಕ್ಕದಲ್ಲೇ ನಡೆಯುತ್ತ, ಹವಾಮಾನದ ಮಾತಾಡುತ್ತ, ಕಾಲುಗಳನ್ನು ನೋಡುತ್ತಾರೆ. ಆದರೆ ಅರ್ಧ ದಾರಿಯಲ್ಲಿ, ಇನ್ನೊಂದು ಕೋಣೆಯ ಬಾಗಿಲ ಪಕ್ಕ, ಎರಡು ಕುರ್ಚಿಗಳಿದ್ದವು.

"ಅಲ್ಲಿ ಕೂತ್ಕೊಳ್ಳಿ," ಎಂದು ಮಾರನೆಯ ದಿನ ಕಾರಿನಲ್ಲಿ ಅವಳು ಮೂರನೆಯ ಸಲ ಹೇಳಿದಳು. "ಉಸಿರು ಬರೋವರೆಗೂ ಏಳ್ಬೇಡಿ. ಅವರು ಕಾಯ್ಲಿ."

"ಕೂತ್ಕೋತೀನಿ ಅಂದ್ನಲ್ಲ ಮಾರಾಯ್ತಿ. ಕೂರೋದಕ್ಕೂ ಪಾಠವಾ?" ಟೈ ಹಾಕಿರಲಿಲ್ಲ. ಗಡ್ಡವನ್ನೂ ಬಿಟ್ಟಿದ್ದ. ಮೊಯ್ರಾ ಹಿಂದಿನ ಸೀಟಿನಿಂದ ಅವನ ಕಾಲರನ್ನು ಸರಿಮಾಡಲು ಹೋಗಿ ಕೈ ಹಿಂದಕ್ಕೆ ಎಳೆದುಕೊಂಡಳು.

ಕರೆಯಲು ಬಂದವಳು ಬೆಥನ್ ಎಂಬ ಯುವತಿ. ಎದೆಯ ಮೇಲೆ ಹೆಸರಿನ ಪಟ್ಟಿ. ಒಳ್ಳೆಯ ಮುಖ. "ನಿಧಾನಕ್ಕೆ ಬನ್ನಿ ಮಿಸ್ಟರ್ ಹೆಸ್ಲಪ್, ಅವಸರ ಏನಿಲ್ಲ," ಎಂದಳು. ಮೊಯ್ರಾಳನ್ನು ಕಾಯುವ ಕೋಣೆಯಲ್ಲೇ ಬಿಟ್ಟು ಆಲ್ವಿನ್ ಕೋಲೂರಿ ಹೊರಟ. ಹತ್ತು ಹೆಜ್ಜೆಗೆ ಉಸಿರಿನಲ್ಲಿ ಸಿಳ್ಳೆ ಎದ್ದಿತು. ಹಿಂದೆಯೇ ಬರುತ್ತಿದ್ದ ಜನೀನ್, ಅಷ್ಟರಲ್ಲೇ, ಎರಡು ಕುರ್ಚಿಗಳಲ್ಲಿ ಒಂದು ಖಾಲಿ ಇಲ್ಲದ್ದನ್ನು ಕಂಡಳು. ಅಲ್ಲಿ ಕೂತಿದ್ದವನ ಮೂಗಿಗೆ ಆಮ್ಲಜನಕದ ನಳಿಕೆ, ಕಾಲ ಬಳಿ ಸಿಲಿಂಡರು. ಲೆಸ್ ಡಾಬ್ಸನ್.

ಕೆಲ್ಬರ್ನಿನಲ್ಲಿ ಆ ಹೆಸರನ್ನು ಯಾರೂ ಆಡುತ್ತಿರಲಿಲ್ಲ. ಆಲ್ವಿನ್ ಮತ್ತು ಲೆಸ್ ಆರು ವರ್ಷ ಒಂದೇ ಪಾಳಿಯಲ್ಲಿ ಕಲ್ಲಿದ್ದಲಿನ ಗೋಡೆಯೆದುರು ಮಗ್ಗುಲಲ್ಲಿ ಮಗ್ಗುಲು ಮಲಗಿ ಕೊರೆದವರು. ಎಂಬತ್ತನಾಲ್ಕರ ಗಣಿ ಕಾರ್ಮಿಕರ ಮುಷ್ಕರ ಒಂಬತ್ತನೆಯ ತಿಂಗಳಿಗೆ ಬಿದ್ದಾಗ, ನವೆಂಬರಿನ ಒಂದು ಬೆಳಗಿನ ಜಾವ, ಕಿಟಕಿಗಳಿಗೆ ತಂತಿಬಲೆ ಬಿಗಿದ ಬಸ್ಸಿನಲ್ಲಿ ಲೆಸ್ ಮುಷ್ಕರ ಮುರಿದು ಗೇಟು ದಾಟಿ ಕೆಲಸಕ್ಕೆ ಹೋದ. ಗೇಟಿನಲ್ಲಿ ನಿಂತು ಕೂಗಿದವರಲ್ಲಿ ಆಲ್ವಿನ್ ಇದ್ದ. ಜನೀನಳ ಅಪ್ಪನೂ ಇದ್ದ. ಅಂದಿನಿಂದ ಅಂಗಡಿಯಲ್ಲಿ, ಚರ್ಚಿನಲ್ಲಿ, ಹೆಣದ ಮುಂದೆ ಕೂಡ ಯಾರೂ ಅವನೊಡನೆ ಮಾತಾಡಿರಲಿಲ್ಲ. ಅವನು ಊರು ಬಿಟ್ಟೂ ಇರಲಿಲ್ಲ.

ಲೆಸ್ ತಲೆಯೆತ್ತಿದ. ಆಲ್ವಿನನ ಮುಖ ನೋಡಿದ, ಕೋಲು ನೋಡಿದ. ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಕೋಟನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಕೂತ್ಕೋ ಆಲ್ವಿನ್," ಎಂದ.

ಆಲ್ವಿನ್ ನಿಲ್ಲಲಿಲ್ಲ. ತಲೆ ತಿರುಗಿಸಲೂ ಇಲ್ಲ. ಕೋಲನ್ನು ನೆಲದಿಂದ ಎತ್ತಿ ಕಂಕುಳಲ್ಲಿ ಸಿಕ್ಕಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಆ ಕುರ್ಚಿಗಳ ಮುಂದೆ ಕವಾಯತಿನವನಂತೆ ಹಾದುಹೋದ. ಜನೀನ್ ಅವನ ತೋಳು ಹಿಡಿದು ಪಿಸುಗುಟ್ಟಿದಳು: "ಅಂಕಲ್, ನಿಲ್ಲಿ. ಗೋಡೆಗಾದ್ರೂ ಒರಗಿ. ದಮ್ಮಯ್ಯ ಅಂತೀನಿ." ಅವನು ತೋಳು ಕೊಡವಿಕೊಂಡ. ತಪಾಸಣೆಯ ಕೋಣೆಯ ಬಾಗಿಲು ದಾಟಿದ ಮೇಲೆ ಮೇಜಿನ ಅಂಚನ್ನು ತಬ್ಬಿಕೊಂಡ. ತುಟಿ ನೀಲಿಯಾಗಿತ್ತು.

ಮಾತಾಡಲು ಉಸಿರು ಸಿಕ್ಕಾಗ, ಕೊಟ್ಟ ಮಾತಿಗೆ ಸರಿಯಾಗಿ, ಅವನು ಎಲ್ಲವನ್ನೂ ಹೇಳಿದ. ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದ. ಕಾಲುಚೀಲವನ್ನು ಹೆಂಡತಿ ಹಾಕಬೇಕು. ಮೆಟ್ಟಿಲನ್ನು ಅಂಬೆಗಾಲಲ್ಲಿ ಹತ್ತುತ್ತೇನೆ. ರಾತ್ರಿ ಕಕ್ಕಸಿನವರೆಗೆ ತಲುಪಲಾಗದೆ ಮಂಚದ ಕೆಳಗೆ ಬಕೆಟ್ಟು ಇಟ್ಟುಕೊಂಡಿದ್ದೇನೆ. ಅದನ್ನು ಹೆಂಡತಿಗೆ ಕಾಣದ ಹಾಗೆ ನಸುಕಿನಲ್ಲಿ ಕಿಟಕಿಯಿಂದ ಚೆಲ್ಲುತ್ತೇನೆ. ಎರಡು ಸಲ ಅದೂ ಆಗದೆ ಹಾಸಿಗೆ ಒದ್ದೆಯಾಗಿದೆ, ಚಹಾ ಚೆಲ್ಲಿತು ಎಂದು ಸುಳ್ಳು ಹೇಳಿದ್ದೇನೆ. ಜನೀನ್ ತನ್ನ ಬೂಟಿನ ತುದಿಯನ್ನು ನೋಡುತ್ತ ಕೂತಳು. ಕೇಳಬಾರದ್ದನ್ನು ಕೇಳಿಸಿಕೊಳ್ಳುವಂತೆ ಮಾಡಿದವಳು ತಾನೇ ಎಂದು ಅವಳ ಕಿವಿ ಸುಡುತ್ತಿತ್ತು.

ಬೆಥನ್ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದಳು. "ಇಷ್ಟು ಬಿಚ್ಚಿ ಹೇಳಿದ್ದಕ್ಕೆ ಥ್ಯಾಂಕ್ಸ್ ಮಿಸ್ಟರ್ ಹೆಸ್ಲಪ್. ನಡಿಗೆಯ ವಿಷಯ ಮಾತ್ರ... ನಾನೇ ನೋಡಿದ್ನಲ್ಲ. ಕೋಲೂ ಊರ್ಲಿಲ್ಲ ನೀವು ಕೊನೆಗೆ."

"ಈಗ ಅವರಿಗೆ ಎದ್ದು ವಾಪಸ್ ನಡೀರಿ ಅನ್ನಿ," ಎಂದಳು ಜನೀನ್. ದನಿ ಏರಿತ್ತು. "ಅನ್ನಿ ನೋಡೋಣ! ಮತ್ತೆ ಮತ್ತೆ ಮಾಡೋಕಾಗದ್ದನ್ನ ಲೆಕ್ಕಕ್ಕೆ ತಗೋಬಾರ್ದು ಅಂತ ನಿಮ್ಮ ನಿಯಮವೇ ಹೇಳತ್ತೆ. ಅವರ ತುಟಿ ನೋಡಿ. ಅದು ಕಾಣಲ್ವಾ ನಿಮಗೆ?"

"ನಾನು ಕಂಡಿದ್ದನ್ನ ಬರೀಬೇಕು ಮೇಡಂ. ದಾರೀಲಿ ಕುರ್ಚಿ ಇತ್ತು. ಕೂರಿ ಅಂತ ಅಲ್ಲಿದ್ದವರು ಹೇಳಿದ್ದೂ ನನಗೆ ಕೇಳಿಸ್ತು. ಬೇಕಿದ್ದಿದ್ರೆ ಕೂರ್ತಿದ್ರು."

"ಯಾಕೆ ಕೂರ್ಲಿಲ್ಲ ಅಂತ ಕೇಳಿ ಅವರನ್ನ!"

"ಜನೀನ್," ಎಂದ ಆಲ್ವಿನ್. "ಸಾಕು."

ಬೆಥನ್ ಕೀಬೋರ್ಡಿನ ಮೇಲೆ ಬೆರಳಿಟ್ಟು ಕಾದಳು. "ಯಾಕೆ ಕೂರ್ಲಿಲ್ಲ ಮಿಸ್ಟರ್ ಹೆಸ್ಲಪ್?"

ಎಂಬತ್ತನಾಲ್ಕರಲ್ಲಿ ಅವಳು ಹುಟ್ಟಿಯೇ ಇದ್ದಿರಲಾರಳು. ಆಲ್ವಿನ್ ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟು ಒತ್ತಿ ಹಿಡಿದಿದ್ದ. ಅವನು ಮತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದ. ಅರೆತೆರೆದ ಬಾಗಿಲಿನಾಚೆ ಕಾರಿಡಾರಿನಲ್ಲಿ ಲೆಸ್ ಡಾಬ್ಸನ್ ಇನ್ನೂ ಕೂತಿದ್ದ. ಕೋಟು ಅವನ ತೊಡೆಯ ಮೇಲೆಯೇ ಇತ್ತು.

ಬೆಥನ್ ಮತ್ತೆ ಪರದೆಯ ಕಡೆ ತಿರುಗಿದಳು. ನಿಲ್ಲದೆ ನಡೆದ ದೂರ ಎಂಬಲ್ಲಿ ಅವಳು ತುಂಬಿದ್ದನ್ನು ಜನೀನ್ ಅವಳ ಭುಜದ ಪಕ್ಕದಿಂದ ಓದಿದಳು: ಇಪ್ಪತ್ತಾರು ಮೀಟರ್.